ಛತ್ರದಲ್ಲಿ ವೀಣೆ ಕಚೇರಿ ಇಟ್ಟರೆ ಸ್ವರ ಯಾಕೆ ಕಲಸಿಹೋಗುತ್ತದೆ?

ಪ್ರಶ್ನೆ: ಮಗಳ ಮೊದಲ ವೀಣೆ ಕಚೇರಿ. ನೆಂಟರಿಷ್ಟರು ಸೇರಿ 150 ಮಂದಿ ಬರಬಹುದು. ಮನೆ ಹತ್ತಿರ ಛತ್ರವೊಂದು ಸಿಗುತ್ತಿದೆ, ಊಟಕ್ಕೂ ಅನುಕೂಲ. ಆದರೆ ಅಲ್ಲಿ ಹಿಂದೆ ಕೇಳಿದ ಕಚೇರಿಯಲ್ಲಿ ಸೌಂಡ್ ಎಷ್ಟು ಏರಿಸಿದರೂ ಸ್ವರ ಬಿಡಿಬಿಡಿಯಾಗಿ ಕೇಳಲೇ ಇಲ್ಲ. ಇದು ಮೈಕ್‌ಸೆಟ್ಟಿನ ತಪ್ಪೋ, ಛತ್ರದ್ದೋ? (ಓದುಗರು, ಕುವೆಂಪುನಗರ, ಮೈಸೂರು)

ಉತ್ತರ: ಬಹುಮಟ್ಟಿಗೆ ಛತ್ರದ್ದು. ಸೌಂಡ್ ಏರಿಸಿದರೆ ಗೋಡೆಯಿಂದ ಮರಳಿ ಬರುವ ಸದ್ದೂ ಅಷ್ಟೇ ಏರುತ್ತದೆ, ಹಾಗಾಗಿ ಕಲಸಿದ್ದು ಕಲಸಿಕೊಂಡೇ ಇರುತ್ತದೆ.

ಛತ್ರದ ನೆಲ ಗ್ರಾನೈಟು ಅಥವಾ ಟೈಲ್ಸು, ಗೋಡೆಗೆ ಪೇಂಟು, ಮೇಲೆ ಕಾಂಕ್ರೀಟು. ಇವು ಸದ್ದನ್ನು ಹೀರುವುದೇ ಇಲ್ಲ ಅನ್ನಬಹುದು. 25 ಮೀಟರ್ ಉದ್ದ, 15 ಮೀಟರ್ ಅಗಲ, 5 ಮೀಟರ್ ಎತ್ತರದ ಹಾಲ್ ತೆಗೆದುಕೊಳ್ಳಿ. ಗಾತ್ರ 1,875 ಘನ ಮೀಟರ್. ನೆಲ, ಗೋಡೆ, ಸೂರು ಸೇರಿ 1,150 ಚದರ ಮೀಟರ್. ಅದು ನೂರಕ್ಕೆ ಐದು ಪಾಲು ಹೀರುತ್ತದೆ ಅಂದುಕೊಂಡರೂ ಬಿದ್ದ ಸದ್ದನ್ನೆಲ್ಲ ಹೊರಗೆ ಬಿಡುವ 57 ಚದರ ಮೀಟರ್ ತೆರೆದ ಕಿಟಕಿಗೆ ಸಮ, ಅಷ್ಟೇ. ಗಾತ್ರವನ್ನು 0.161ರಿಂದ ಗುಣಿಸಿ ಈ 57ರಿಂದ ಭಾಗಿಸಿದರೆ ಸದ್ದು ಅಡಗಲು ಹಿಡಿಯುವ ಕಾಲ ಸಿಗುತ್ತದೆ: ಖಾಲಿ ಹಾಲಿನಲ್ಲಿ 5 ಸೆಕೆಂಡಿಗೂ ಹೆಚ್ಚು. ಒಬ್ಬ ಮನುಷ್ಯ ಸುಮಾರು ಅರ್ಧ ಚದರ ಮೀಟರಿನಷ್ಟು ಹೀರುತ್ತಾನೆ. ನಿಮ್ಮ 150 ಮಂದಿ ಕೂತ ಮೇಲೂ 2.3 ಸೆಕೆಂಡು ಉಳಿಯುತ್ತದೆ. ವೀಣೆಗೆ ಒಂದರಿಂದ ಒಂದೂವರೆ ಸೆಕೆಂಡು ಹಿತ.

ನಾದಸ್ವರಕ್ಕೆ ಇದೇ ಹಾಲ್ ಸಾಕಾಗುತ್ತದೆ, ವೀಣೆಗೆ ಯಾಕಾಗದು? ವೀಣೆಯ ತಂತಿ ತಾನೇ ಬಹಳ ಹೊತ್ತು ಮಿಡಿಯುತ್ತದೆ. ಒಂದೇ ಮೀಟಿನಲ್ಲಿ ತಂತಿ ಎಳೆದು ಗಮಕ ನುಡಿಸಿದಾಗ ಕಿವಿ ಹಿಡಿಯಬೇಕಾದ್ದು ಆ ಸಣ್ಣ ಜಾರು. ತಾನದಲ್ಲಿ, ಅಂದರೆ ರಾಗವನ್ನು ಲಯದ ಓಟದಲ್ಲಿ ಚುರುಕಾಗಿ ಮೀಟುವ ಭಾಗದಲ್ಲಿ, ಸೆಕೆಂಡಿಗೆ ಆರು ಮೀಟು ಬಿದ್ದರೆ, ಮೊದಲ ಸ್ವರ ಅಡಗುವುದರೊಳಗೆ ಇನ್ನೂ ಹದಿಮೂರು ಸ್ವರ ಅದರ ಮೇಲೆ ಬಂದು ಕೂರುತ್ತವೆ. ವೀಣೆ ಶೇಷಣ್ಣನವರ ಊರಿನಲ್ಲಿ ತಾನ ಕೇಳಿಸದ ಕಚೇರಿ ಮಾಡಿಸುವುದು ಸರಿಯಲ್ಲ ಎನ್ನುವುದು ನಮ್ಮ ಖಚಿತ ಅಭಿಪ್ರಾಯ.

ಆದ್ದರಿಂದ ಮೊದಲು ಕಚೇರಿಗೆಂದೇ ಇರುವ ಜಾಗ ವಿಚಾರಿಸಿ. ನಿಮ್ಮ ಕುವೆಂಪುನಗರದಲ್ಲೇ ಗಾನಭಾರತಿಯ ವೀಣೆ ಶೇಷಣ್ಣ ಭವನ ಇದೆ. ಕಲಾಮಂದಿರದ ಆವರಣದಲ್ಲಿ ಕಿರುರಂಗಮಂದಿರ ಇದೆ. ದೊಡ್ಡ ಕಲಾಮಂದಿರವನ್ನೇ ಹಿಡಿಯುವ ಆಸೆ ಬೇಡ; 150 ಜನ ಅಲ್ಲಿ ಚೆದುರಿ ಕೂತರೆ ಹುಡುಗಿಗೆ ಎದುರಿಗೆ ಕಾಣುವುದು ಖಾಲಿ ಕುರ್ಚಿಗಳೇ. ಮುಕ್ಕಾಲು ಭಾಗ ತುಂಬುವ ಹಾಲೇ ಒಳ್ಳೆಯ ಹಾಲ್.

ಛತ್ರವೇ ಆಗಬೇಕೆಂದರೆ ಹೀಗೆ ಮಾಡಿ. ಮುಂಗಡ ಕೊಡುವ ಮೊದಲು ಹಾಲಿನ ನಡುವೆ ನಿಂತು ಒಂದೇ ಒಂದು ಚಪ್ಪಾಳೆ ತಟ್ಟಿ. ಸದ್ದು ಬಾಲ ಎಳೆಯುತ್ತಾ ಹೋದರೆ, ಅಥವಾ ಎದುರುಬದುರು ಗೋಡೆಗಳ ನಡುವೆ ಟರ್ರೆಂದು ಪಟಪಟಿಸಿದರೆ, ಅಲ್ಲಿ ಬಟ್ಟೆ ಬೇಕೇ ಬೇಕು. ಶಾಮಿಯಾನದ ತೆಳು ಬಟ್ಟೆ ಅಲಂಕಾರಕ್ಕೆ ಮಾತ್ರ. ದಪ್ಪ ವೆಲ್ವೆಟ್ ಪರದೆಯನ್ನು ಚೆನ್ನಾಗಿ ನೆರಿಗೆ ಹಿಡಿದು, ಗೋಡೆಯಿಂದ ಒಂದು ಗೇಣು ಮುಂದಕ್ಕೆ ತೂಗುಹಾಕಿಸಿ. 100 ಚದರ ಮೀಟರ್ ಪರದೆ ಬಿದ್ದರೆ ಮೇಲಿನ ಲೆಕ್ಕದ 2.3 ಸೆಕೆಂಡು 1.7ರ ಹತ್ತಿರ ಇಳಿಯುತ್ತದೆ. ಮೊದಲು ವೇದಿಕೆಯ ಎದುರಿನ ಹಿಂಗೋಡೆ, ಆಮೇಲೆ ಪಕ್ಕದ್ದು. ಜಮಖಾನ ಹಾಸುವುದು ಒಳ್ಳೆಯದೇ, ಆದರೆ ಅದು ತಾರದ, ಅಂದರೆ ಏರು ಶ್ರುತಿಯ, ಸದ್ದನ್ನಷ್ಟೇ ಹೀರುತ್ತದೆ. ಮೃದಂಗದ ಎಡಬದಿಯ ತಗ್ಗು ಸದ್ದು, ಅಂದರೆ ಗುಮುಕಿ, ಹಾಗೇ ತಿರುಗುತ್ತಿರುತ್ತದೆ.

ಹಸೆಮಣೆ ಇಡುವ ವೇದಿಕೆ ಹಾಲಿನ ಒಂದು ತುದಿಯಲ್ಲಿರುತ್ತದೆ, ಕಡೆಯ ಸಾಲಿಗೆ ಅದು ಬಲು ದೂರ. ಅದನ್ನು ಬಿಟ್ಟು, ಉದ್ದ ಗೋಡೆಯ ನಡುಮಧ್ಯಕ್ಕೆ 12 ಅಡಿ ಅಗಲ, 8 ಅಡಿ ಆಳ, ಎರಡು ಅಡಿ ಎತ್ತರದ ವೇದಿಕೆ ಕಟ್ಟಿಸಿ, ಜನರನ್ನು ಅರ್ಧಚಂದ್ರಾಕಾರವಾಗಿ ಹತ್ತಿರ ಕೂರಿಸಿ. ಇದೊಂದರಿಂದ ಆಗುವ ಲಾಭ ದುಬಾರಿ ಸ್ಪೀಕರಿನಿಂದಲೂ ಆಗುವುದಿಲ್ಲ.

ಮೈಕು ಕುಯ್ ಎನ್ನುವುದು ಬೇರೆಯೇ ಸಮಸ್ಯೆ. ಸ್ಪೀಕರಿನ ಸದ್ದು ಮೈಕಿಗೆ ಮರಳಿ ಹೊಕ್ಕು ಸುತ್ತು ಹಾಕುವುದೇ ಅದಕ್ಕೆ ಕಾರಣ. ವೀಣೆಯಲ್ಲಿ ಇದು ಬೇಗ ಆಗುತ್ತದೆ, ಯಾಕೆಂದರೆ ಮಾನಿಟರಿನ (ನುಡಿಸುವವರಿಗೆ ಕೇಳಲೆಂದು ವೇದಿಕೆಯ ಮೇಲಿಡುವ ಸ್ಪೀಕರಿನ) ಸದ್ದಿಗೆ ವೀಣೆಯ ಟೊಳ್ಳು ಕೊಡವೇ ಅದುರತೊಡಗುತ್ತದೆ. ಮುಖ್ಯ ಸ್ಪೀಕರುಗಳು ಮೈಕುಗಳಿಗಿಂತ ಮುಂದೆ, ಜನರ ಕಡೆ ಮುಖ ಮಾಡಿರಲಿ. ಕೊಡದ ಮೇಲ್ಹಲಗೆಯಿಂದ 15ರಿಂದ 20 ಸೆಂ.ಮೀ. ದೂರಕ್ಕೆ ಮೈಕ್ ಇಡಿ. ಮೈಕಿನ ದೂರ ಅರ್ಧವಾದರೆ ವಾದ್ಯದ ಸದ್ದು ಅದಕ್ಕೆ 6 ಡೆಸಿಬೆಲ್ ಹೆಚ್ಚು ಸಿಗುತ್ತದೆ. ತೆರೆದ ಮೈಕುಗಳ ಸಂಖ್ಯೆ ಎರಡರಷ್ಟಾದರೆ ಕೂಗುವ ಮೊದಲು ಏರಿಸಬಹುದಾದ ಸೌಂಡ್ 3 ಡೆಸಿಬೆಲ್ ತಗ್ಗುತ್ತದೆ. ಹಾಗಾಗಿ ಸಭಾಭಾಷಣದ ಮೈಕನ್ನು ಭಾಷಣ ಮುಗಿದ ತಕ್ಷಣ ಆಫ್ ಮಾಡಿಸಿ; ಇದನ್ನು ಮರೆಯುವವರೇ ಹೆಚ್ಚು. ಇಷ್ಟು ಜನರ ಹಾಲಿನಲ್ಲಿ ಮೃದಂಗ ಮೈಕಿಲ್ಲದೆಯೂ ಕೇಳುತ್ತದೆ. ವೀಣೆಯನ್ನು ಅದರ ಮಟ್ಟಕ್ಕೆ ಏರಿಸಿದರೆ ಸಾಕು.

ಸೌಂಡ್ ಚೆಕ್‌ಗೆ ಕಚೇರಿಗೆ ಎರಡು ಗಂಟೆ ಮುಂಚೆ ಪೂರಾ ಒಂದು ಗಂಟೆ ಬಿಡಿಸಿಕೊಳ್ಳಿ. ಮಗಳು ತಾನವನ್ನೇ ನುಡಿಸಲಿ, ನೀವು ಕಡೆಯ ಸಾಲಿನಲ್ಲಿ ಕೂತು ಕೇಳಿ. ಖಾಲಿ ಹಾಲಿನಲ್ಲಿ ಸ್ವಲ್ಪ ಕಲಸಿದಂತಿದ್ದರೆ ಗಾಬರಿ ಬೇಡ, ಜನ ಬಂದ ಮೇಲೆ ತಿಳಿಯಾಗುತ್ತದೆ. ಮೈಕಿನ ಮೇಲೆ ನೇರ ಗಾಳಿ ಬೀಸುವ ಫ್ಯಾನು ನಿಲ್ಲಿಸಿ. ಸೀರಿಯಲ್ ಸೆಟ್ಟಿನ ಲೈನು ಮತ್ತು ಮೈಕ್‌ಸೆಟ್ಟಿನ ಲೈನು ಬೇರೆಬೇರೆ ಇರಲಿ, ಇಲ್ಲವಾದರೆ ಶ್ರುತಿಯ ಅಡಿಯಲ್ಲಿ ಕರೆಂಟಿನ ಹಮ್ಮು ಸೇರಿಕೊಳ್ಳುತ್ತದೆ. ಊಟ ಅದೇ ಛತ್ರದಲ್ಲಿದ್ದರೆ, ಮಂಗಳ ಮುಗಿಯುವ ತನಕ ಎಲೆ ಹಾಕುವುದು, ಪಾತ್ರೆ ಎಳೆಯುವುದು ಬೇಡವೆಂದು ಅಡುಗೆಯವರಿಗೆ ಬೆಳಗ್ಗೆಯೇ ಹೇಳಿಟ್ಟಿರಿ.