ಅಲ್ಲಾಡದೆ ಮಲಗಿದವರಿಗೆ ಇಷ್ಟೊಂದು ಊಟ ಯಾಕೆ?

"ಮಗ ಇನ್ನೂ ಕಣ್ಣೇ ಬಿಟ್ಟಿಲ್ಲ, ಇಷ್ಟೊಂದು ಊಟ ಯಾಕೆ ಮೇಡಂ?"

ತಲೆಗೆ ಪೆಟ್ಟಾದವರ ಐಸಿಯುನಲ್ಲಿ ನಾನು ಡಯಟೀಷಿಯನ್. ಬೈಕಿನಿಂದ ಬಿದ್ದ ಹುಡುಗರ ಅಮ್ಮಂದಿರು ಹೀಗೆ ಕೇಳುತ್ತಲೇ ಇರುತ್ತಾರೆ. ಕೈಯಲ್ಲಿ ಫ್ಲಾಸ್ಕ್, ಒಳಗೆ ತಿಳಿ ಗಂಜಿ.

ಹುಡುಗ ಅಲ್ಲಾಡುತ್ತಿಲ್ಲ, ನಿಜ. ಆದರೆ ಮೈ ಒಳಗೊಳಗೇ ಉರಿಯುತ್ತಿರುತ್ತದೆ. ಮಿದುಳಿಗೆ ಜೋರು ಪೆಟ್ಟು ಬಿದ್ದಾಗ ಒತ್ತಡದ ಹಾರ್ಮೋನುಗಳು ಏರುತ್ತವೆ. ಜ್ವರ ಬಂದರೆ, ಕೈಕಾಲು ಸೆಟೆದುಕೊಂಡರೆ ಮೈಯ ಶಕ್ತಿಯ ಖರ್ಚು ಇನ್ನೂ ಜಾಸ್ತಿ. ಊಟ ಸಾಲದಿದ್ದರೆ ದೇಹ ತನ್ನದೇ ಸ್ನಾಯು ಕರಗಿಸಿಕೊಳ್ಳುತ್ತದೆ. ಎರಡು ವಾರದಲ್ಲಿ ತೊಡೆ ಮುಟ್ಟಿ ನೋಡಿದರೆ ಗೊತ್ತಾಗುತ್ತದೆ. ಉಸಿರಾಟದ ಸ್ನಾಯುಗಳೂ ಸೊರಗಿದರೆ ವೆಂಟಿಲೇಟರ್ ಬಿಡಿಸುವುದು ಕಷ್ಟ.

60 ಕೆಜಿ ತೂಕದವರಿಗೆ ದಿನಕ್ಕೆ ಸುಮಾರು 1500ರಿಂದ 1800 ಕ್ಯಾಲೊರಿ, 90ರಿಂದ 120 ಗ್ರಾಂ ಪ್ರೋಟೀನ್ ಬೇಕು. ಒಂದು ಮೊಟ್ಟೆಯಲ್ಲಿರುವುದು 6 ಗ್ರಾಂ. ತಿಳಿ ಗಂಜಿಯಿಂದ ಈ ಲೆಕ್ಕ ತುಂಬುವುದು ಹೇಗೆ? ತಂಪು ಅಂತ ಎಳನೀರನ್ನೂ ಕೇಳದೆ ಕೊಡಬೇಡಿ. ಅದರಿಂದ ರಕ್ತದಲ್ಲಿ ಸೋಡಿಯಂ ಇಳಿದರೆ ಮಿದುಳಿನ ಬಾವು ಹೆಚ್ಚುತ್ತದೆ.

ತಡವೂ ಆಗಬಾರದು. ಅಮೆರಿಕದ ಬ್ರೈನ್ ಟ್ರಾಮಾ ಫೌಂಡೇಶನ್‌ನ 2016ರ ಮಾರ್ಗಸೂಚಿಯ ಪ್ರಕಾರ 5ನೇ ದಿನದೊಳಗೆ, ತೀರಾ ತಡವೆಂದರೆ 7ನೇ ದಿನಕ್ಕೆ, ಮೂಲ ಅಗತ್ಯದಷ್ಟು ಆಹಾರ ಸಿಗಬೇಕು. ಅದಕ್ಕೇ ಬಿಪಿ ಸ್ಥಿರವಾದ ಕೂಡಲೇ ಹೊಟ್ಟೆಗೆ ಇಳಿಸಿದ ಟ್ಯೂಬ್ ಮೂಲಕ ಸ್ವಲ್ಪ ಸ್ವಲ್ಪವಾಗಿ ಊಟ ಶುರು ಮಾಡುತ್ತೇವೆ. ತಲೆಬುರುಡೆಯ ತಳ ಮುರಿದಿದ್ದರೆ ಮೂಗಿನಿಂದ ಟ್ಯೂಬ್ ಹಾಕುವುದಿಲ್ಲ, ಬಾಯಿಂದ ಹಾಕುತ್ತೇವೆ.

ಮೂಗಿನಿಂದ ಹೊಟ್ಟೆಗೆ ಹೋಗುವ ಟ್ಯೂಬ್ (ರೈಲ್ಸ್ ಟ್ಯೂಬ್) ಜೊತೆಗೇ ರೋಗಿಯನ್ನು ಮನೆಗೆ ಕರೆದೊಯ್ಯುವವರಿಗೆ ನಾನು ಕೈ ಹಿಡಿದು ಕಲಿಸುತ್ತೇನೆ. ಮೊದಲು ಮೂಗಿನ ಹತ್ತಿರ ಟ್ಯೂಬ್ ಮೇಲಿರುವ ಗುರುತು ಜರುಗಿದೆಯಾ ನೋಡಿ. ಜರುಗಿದ್ದರೆ ಏನನ್ನೂ ಹಾಕಬೇಡಿ, ನೀವೇ ಒಳಗೆ ತಳ್ಳಲೂ ಬೇಡಿ, ಆಸ್ಪತ್ರೆಗೆ ಕರೆದುಕೊಂಡು ಬನ್ನಿ. ತಲೆಕಡೆ 30ರಿಂದ 45 ಡಿಗ್ರಿ ಎತ್ತಿರಬೇಕು, ಊಟವಾದ ಮೇಲೂ ಒಂದು ಗಂಟೆ ಹಾಗೇ ಇರಬೇಕು. ಸಿರಿಂಜ್ ಒತ್ತಬೇಡಿ, ತಾನಾಗಿ ಇಳಿಯಲಿ. ಕೊನೆಗೆ 30 ಎಂಎಲ್ ನೀರು ಹಾಕಿ. ಇಲ್ಲದಿದ್ದರೆ ರಾಗಿ ಗಂಜಿ ಒಳಗೇ ಗಟ್ಟಿಯಾಗಿ ಟ್ಯೂಬ್ ಕಟ್ಟಿಕೊಳ್ಳುತ್ತದೆ. ಫಿಟ್ಸ್‌ಗೆ ಫೆನಿಟಾಯಿನ್ ಕೊಡುತ್ತಿದ್ದರೆ ಅದನ್ನು ಊಟದ ಜೊತೆ ಸೇರಿಸಬೇಡಿ, ಔಷಧ ಸರಿಯಾಗಿ ಮೈಗೆ ಹತ್ತುವುದಿಲ್ಲ. ಎಷ್ಟು ಅಂತರ ಬಿಡಬೇಕೆಂದು ಡಾಕ್ಟರನ್ನೇ ಕೇಳಿ.

ನನಗೆ ಜಾಸ್ತಿ ಭಯ ಇರುವುದು ಪ್ರೀತಿಯಿಂದ ಬಾಯಿಗೆ ಹಾಕುವ ಆ ಒಂದು ಚಮಚದ ಬಗ್ಗೆ. ಕೆಮ್ಮು ಬರಲಿಲ್ಲ, ಹಾಗಾಗಿ ಸರಿಯಾಗಿ ನುಂಗಿದ ಅಂದುಕೊಳ್ಳುತ್ತಾರೆ. ಆದರೆ ಇಂಥವರಲ್ಲಿ ಕೆಮ್ಮೇ ಇಲ್ಲದೆ ನೀರು ಶ್ವಾಸಕೋಶಕ್ಕೆ ಇಳಿಯಬಹುದು. ಸ್ಪೀಚ್ ಥೆರಪಿಸ್ಟ್ ನುಂಗುವ ಪರೀಕ್ಷೆ ಮಾಡಿ ಒಪ್ಪುವವರೆಗೆ ದಯವಿಟ್ಟು ತಡೆಯಿರಿ. ಅವರು ಒಪ್ಪಿದ ದಿನ ಮೊದಲ ಚಮಚವನ್ನು ಅಮ್ಮನ ಕೈಯಿಂದಲೇ ಕೊಡಿಸುತ್ತೇವೆ, ಪಕ್ಕದಲ್ಲೇ ನಿಂತು.