ಅಪೊಲೊ ಮುಗಿದ ಮೇಲೆ ಉಳಿದ ನೌಕೆಗಳು ಏನಾದವು?

ಅಪೊಲೊ ಅಂದ ಕೂಡಲೇ ಚಂದ್ರ ನೆನಪಾಗುತ್ತಾನೆ. ಆದರೆ 1972ರ ಡಿಸೆಂಬರ್‌ನಲ್ಲಿ ಅಪೊಲೊ 17 ಮರಳಿದ ಮೇಲೂ ಅದೇ ಮಾದರಿಯ ನೌಕೆಗಳು ನಾಲ್ಕು ಸಲ ಹಾರಿದವು. 1973ರಲ್ಲಿ ಮೂರು ಸಲ ಅಮೆರಿಕದ ಬಾಹ್ಯಾಕಾಶ ನಿಲ್ದಾಣ ಸ್ಕೈಲ್ಯಾಬ್‌ಗೆ, 1975ರಲ್ಲಿ ಒಂದು ಸಲ ಸೋವಿಯತ್ ನೌಕೆ ಸೊಯುಜ್ ಜೊತೆ ಸೇರಲು. ನಾಲ್ಕೂ ಭೂಮಿಯ ಕಕ್ಷೆಯಲ್ಲೇ.

"ಚಂದ್ರಯಾತ್ರೆ ರದ್ದಾಯಿತು, ರಾಕೆಟ್ ಮಿಕ್ಕಿತು, ಅದರಿಂದ ಸ್ಕೈಲ್ಯಾಬ್ ಹುಟ್ಟಿತು" ಅಂತ ಜಾಸ್ತಿ ಜನ ಅಂದುಕೊಳ್ಳುತ್ತಾರೆ. ನಡೆದ ಕ್ರಮ ಸ್ವಲ್ಪ ಬೇರೆ. ಮೊದಲ ಯೋಚನೆಯಲ್ಲಿ ಚಂದ್ರಯಾತ್ರೆಯ ದೊಡ್ಡ ರಾಕೆಟ್ ಸ್ಯಾಟರ್ನ್ 5 ಬೇಕೇ ಇರಲಿಲ್ಲ. ಚಿಕ್ಕದಾದ ಸ್ಯಾಟರ್ನ್ 1ಬಿ ಸಾಕಿತ್ತು. ಅದರ ಮೇಲಿನ ಹಂತವಾದ ಎಸ್-4ಬಿ ತನ್ನ ಇಂಧನ ಉರಿಸಿ ಕಕ್ಷೆ ಸೇರಬೇಕು. ಆಮೇಲೆ ಗಗನಯಾತ್ರಿಗಳು ಖಾಲಿಯಾದ ಹೈಡ್ರೋಜನ್ ಟ್ಯಾಂಕಿನೊಳಗೆ ಹೋಗಿ ಅದನ್ನೇ ಮನೆ ಮಾಡಿಕೊಳ್ಳಬೇಕು. ಇದಕ್ಕೆ 'ಒದ್ದೆ' ವಿಧಾನ ಅಂತ ಹೆಸರು. ಕಾಗದದ ಮೇಲೆ ಚೆಂದ, ಆದರೆ ಆ ಜೋಡಣೆ ಕೆಲಸವನ್ನೆಲ್ಲ ತೇಲುತ್ತಾ ಮಾಡಬೇಕಲ್ಲ!

1969ರ ಜುಲೈನಲ್ಲಿ ನಾಸಾ 'ಒಣ' ವಿಧಾನಕ್ಕೆ ಬದಲಾಯಿತು. ಎಲ್ಲ ಸಾಮಾನನ್ನೂ ನೆಲದಲ್ಲೇ ಜೋಡಿಸಿ, ಇಂಧನ ತುಂಬದೆ ಕಳಿಸುವುದು. ಇಂಧನವಿಲ್ಲದ ಹಂತ ತಾನಾಗಿ ಮೇಲೇರದು, ಅಲ್ವಾ? ಹಾಗಾಗಿ ಸ್ಯಾಟರ್ನ್ 5ರ ಕೆಳಗಿನ ಎರಡು ಹಂತಗಳು ಅದನ್ನು ಹೊತ್ತುಕೊಂಡು ಹೋಗಬೇಕಾಯಿತು. ಆ ಒಂದು ರಾಕೆಟ್ ಬೇಕಾಗಿದ್ದರಿಂದಲೇ 1970ರ ಜನವರಿಯಲ್ಲಿ ಅಪೊಲೊ 20 ರದ್ದಾಯಿತು. ಅಂದರೆ ಸ್ಕೈಲ್ಯಾಬ್ ಬರೀ ಮಿಕ್ಕಿದ್ದನ್ನು ಬಳಸಿಕೊಳ್ಳಲಿಲ್ಲ, ಒಂದು ಚಂದ್ರಯಾತ್ರೆಯನ್ನೇ ತಿಂದುಹಾಕಿತು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಇನ್ನೆರಡು ಯಾತ್ರೆಗಳು ರದ್ದಾದದ್ದು ಹಣದ ಕೊರತೆಯಿಂದ.

ಹಳೆ ಯೋಚನೆಯ ಗುರುತು ನಿಲ್ದಾಣದೊಳಗೆ ಹಾಗೇ ಉಳಿಯಿತು. ನೆಲ ಜಾಲರಿಯದು. ಒದ್ದೆ ವಿಧಾನದಲ್ಲಿ ಇಂಧನ ಅದರ ಮೂಲಕ ಹರಿಯಬೇಕಿತ್ತು. ಆ ಅಗತ್ಯ ಹೋದರೂ ಜಾಲರಿ ಹೋಗಲಿಲ್ಲ. ಗಗನಯಾತ್ರಿಗಳು ಬೂಟಿನ ಅಡಿಯ ತ್ರಿಕೋನದ ಕೊಕ್ಕೆಯನ್ನು ಅದಕ್ಕೇ ಸಿಕ್ಕಿಸಿ ನಿಲ್ಲುತ್ತಿದ್ದರು. ಹೈಡ್ರೋಜನ್ ಟ್ಯಾಂಕು ವಾಸಕ್ಕಾದರೆ, ಕೆಳಗಿನ ಆಮ್ಲಜನಕದ ಟ್ಯಾಂಕು ಕಸದ ತೊಟ್ಟಿಯಾಯಿತು.

ಇನ್ನು ಅಪೊಲೊ ನೌಕೆ. ಅದು ಸುಮಾರು ಎರಡು ವಾರದ ಪ್ರಯಾಣಕ್ಕೆ ಮಾಡಿದ್ದು. ಸ್ಕೈಲ್ಯಾಬಿನ ಮೂರನೇ ತಂಡ ಇದ್ದದ್ದು 84 ದಿನ. ನೌಕೆಗೆ ವಿದ್ಯುತ್ ಕೊಡುವ ಫ್ಯುಯೆಲ್ ಸೆಲ್‌ಗಳು ಅಷ್ಟು ದಿನ ಬಾಳುವುದಿಲ್ಲ. ಅದಕ್ಕೆ ನಿಲ್ದಾಣಕ್ಕೆ ಜೋಡಿಸಿದ ಮೇಲೆ ನೌಕೆಯ ಬಹುಪಾಲು ಉಪಕರಣ ಆರಿಸಿ, ವಿದ್ಯುತ್ತನ್ನು ನಿಲ್ದಾಣದಿಂದಲೇ ಪಡೆದರು. ಚಂದ್ರನ ಕಕ್ಷೆಗೆ ಇಳಿದು ಮತ್ತೆ ಹೊರಡುವ ಕೆಲಸ ಇಲ್ಲದ್ದರಿಂದ ಮುಖ್ಯ ಎಂಜಿನ್‌ಗೆ ಕಡಿಮೆ ಇಂಧನ ಸಾಕಾಯಿತು. ಎರಡನೇ ತಂಡದ ನೌಕೆಯಲ್ಲಿ ಥ್ರಸ್ಟರ್‌ಗಳು (ನೌಕೆಯನ್ನು ತಿರುಗಿಸುವ ಚಿಕ್ಕ ಎಂಜಿನ್‌ಗಳು) ಸೋರಿದಾಗ, ಮೂರು ಸೀಟಿನ ಜಾಗದಲ್ಲಿ ಐದು ಸೀಟು ಹಾಕಿದ ರಕ್ಷಣಾ ನೌಕೆ ತಯಾರಾಯಿತು. ಕೊನೆಗೆ ಅದು ಬೇಕಾಗಲಿಲ್ಲ.

ಉಡಾವಣಾ ಕಟ್ಟೆಗೂ ಇದೇ ಕಥೆ. ಅದು ಸ್ಯಾಟರ್ನ್ 5ರ ಎತ್ತರಕ್ಕೆ ಕಟ್ಟಿದ್ದು, ತಂಡಗಳನ್ನು ಹೊತ್ತೊಯ್ದ ಸ್ಯಾಟರ್ನ್ 1ಬಿ ಗಿಡ್ಡ. ಹೊಸ ಗೋಪುರ ಕಟ್ಟುವ ಬದಲು ಸುಮಾರು 39 ಮೀಟರ್ ಎತ್ತರದ ಪೀಠ ಮಾಡಿ ರಾಕೆಟ್ಟನ್ನೇ ಅದರ ಮೇಲೆ ನಿಲ್ಲಿಸಿದರು. ನನಗೆ ಈ ಇಡೀ ಕಥೆಯಲ್ಲಿ ತುಂಬ ಇಷ್ಟವಾದ ಜುಗಾಡ್ ಇದು.

1975ರ ಜುಲೈ 17ರಂದು ಅಪೊಲೊ ಮತ್ತು ಸೊಯುಜ್ ಕೂಡಿದವು. ಚಂದ್ರನ ಮೇಲಿಳಿಯುವ ವಾಹನ ಇರುತ್ತಿದ್ದ ಜಾಗದಲ್ಲಿ ಈ ಸಲ ಒಂದು ಜೋಡಣಾ ಕೋಣೆ ಇತ್ತು. ಕಕ್ಷೆ ಸೇರಿದ ಮೇಲೆ ನೌಕೆ ಹಿಂದಕ್ಕೆ ತಿರುಗಿ ಅದನ್ನು ಎಳೆದುಕೊಂಡಿತು, ಚಂದ್ರಯಾತ್ರೆಯಲ್ಲಿ ಮಾಡುತ್ತಿದ್ದ ಹಾಗೇ. ಕೋಣೆ ಯಾಕೆ ಬೇಕಿತ್ತು? ಅಪೊಲೊದಲ್ಲಿ ಕಡಿಮೆ ಒತ್ತಡದ ಶುದ್ಧ ಆಮ್ಲಜನಕ, ಸೊಯುಜ್‌ನಲ್ಲಿ ನಮ್ಮ ಗಾಳಿಯಂಥದ್ದೇ ಮಿಶ್ರಣ. ನೇರವಾಗಿ ದಾಟಿದರೆ ರಕ್ತದಲ್ಲಿ ಸಾರಜನಕದ ಗುಳ್ಳೆ ಏಳುವ ಅಪಾಯ. ಕೋಣೆಯಲ್ಲಿ ನಿಂತು ಒತ್ತಡ ಹೊಂದಿಸಿಕೊಳ್ಳಬೇಕಿತ್ತು. ಸೊಯುಜ್‌ನವರು ಮೊದಲೇ ತಮ್ಮ ಒತ್ತಡ ಇಳಿಸಿಕೊಂಡಿದ್ದರಿಂದ ಆ ಕಾಯುವಿಕೆ ಕಡಿಮೆಯಾಯಿತು.