ಚಾಟ್ ಸ್ಕ್ರಿಪ್ಟ್: ಎಡಗಡೆ ಕಿವಿ, ಬಲಗಡೆ ಬಾಯಿ

ತೋಟದ ಮಳೆಮಾಪಕದ ಅಂಕಿಗಳು ಮನೆಗೆ ಬರಲಿ ಎಂದು ಒಂದು ಪುಟ್ಟ ಲಿನಕ್ಸ್ ಗಣಕಕ್ಕೆ ಸಿಮ್ ಹಾಕುವ ಮೋಡೆಮ್ ಜೋಡಿಸಿದ್ದೇನೆ. ಜಾಲದ ಸಂಪರ್ಕ ಕಟ್ಟುವುದು ಪಿಪಿಪಿಡಿ ಎಂಬ ಪ್ರೋಗ್ರಾಂನ ಕೆಲಸ. ಅದಕ್ಕೂ ಮೊದಲು ಮೋಡೆಮ್ ಜೊತೆ ಮಾತಾಡಿ ಕರೆ ಹಚ್ಚುವುದು ಚಾಟ್ ಎಂಬ ಸಣ್ಣ ಪ್ರೋಗ್ರಾಂ. ಅದಕ್ಕೆ ಬರೆದುಕೊಡಬೇಕಾದ ಸ್ಕ್ರಿಪ್ಟ್ ಐದಾರು ಸಾಲು ಮಾತ್ರ. ಆ ಐದಾರು ಸಾಲು ನನ್ನ ಮೂರು ಸಂಜೆಗಳನ್ನು ನುಂಗಿದವು. ಮರೆಯುವ ಮೊದಲು ಬರೆದಿಡುತ್ತಿದ್ದೇನೆ.

ಆದೇಶಗಳನ್ನು ಇಲ್ಲಿ ಕನ್ನಡ ಲಿಪಿಯಲ್ಲೇ ಕೊಟ್ಟಿದ್ದೇನೆ. ಕಡತದಲ್ಲಿ ಅವೆಲ್ಲ ಇಂಗ್ಲಿಷ್ ದೊಡ್ಡಕ್ಷರಗಳು. ಬ್ಯಾಕ್‌ಸ್ಲ್ಯಾಶ್ ನಂತರ ಬರುವವು ಮಾತ್ರ ಸಣ್ಣಕ್ಷರ.

ನಾನು ಮೊದಲು ಬರೆದದ್ದು ಹೀಗೆ:

ಎಟಿಝಡ್ ಓಕೆ
ಎಟಿಡಿ*99# ಕನೆಕ್ಟ್

ಓದಿದರೆ ಸರಿಯಾಗಿಯೇ ಕಾಣುತ್ತದೆ. ಎಟಿಝಡ್ (ಮೊದಲ ಸ್ಥಿತಿಗೆ ಮರಳು ಎಂಬ ಆದೇಶ) ಎಂದು ಕೇಳು, ಓಕೆ ಎಂಬ ಉತ್ತರ ಬರುತ್ತದೆ; ಎಟಿಡಿಯಿಂದ ಕರೆ ಹಚ್ಚು, ಕನೆಕ್ಟ್ ಎನ್ನುತ್ತದೆ. ಪ್ರಶ್ನೋತ್ತರ ಮಾಲಿಕೆಯ ಹಾಗೆ. ಆದರೆ 45 ಸೆಕೆಂಡು ಏನೂ ನಡೆಯದೆ ಚಾಟ್ ಕೈಚೆಲ್ಲಿತು. ಮೋಡೆಮ್ ಕೆಟ್ಟಿದೆ ಎಂದುಕೊಂಡು ತಂತಿ ಬದಲಿಸಿದೆ, ಸಿಮ್ ತೆಗೆದು ಒರೆಸಿ ಹಾಕಿದೆ. ಪಾಪ, ಮೋಡೆಮ್‌ನದೇನೂ ತಪ್ಪಿರಲಿಲ್ಲ.

ಚಾಟ್ ಮೊದಲು ಕೇಳಿಸಿಕೊಳ್ಳುತ್ತದೆ, ಆಮೇಲೆ ಮಾತಾಡುತ್ತದೆ. ಜೋಡಿಯ ಎಡಗಡೆಯ ಪದ ಮೋಡೆಮ್‌ನಿಂದ ಬರಬೇಕಾದದ್ದು, ಬಲಗಡೆಯದು ನಾವು ಕಳಿಸುವುದು. ಎಡಗಡೆ ಕಿವಿ, ಬಲಗಡೆ ಬಾಯಿ. ಅಂದರೆ ನನ್ನ ಸ್ಕ್ರಿಪ್ಟ್ ಹೇಳಿದ್ದು: ಮೋಡೆಮ್ ತಾನಾಗಿ ಎಟಿಝಡ್ ಅನ್ನುವವರೆಗೆ ಕಾಯುತ್ತಿರು, ಅದು ಅಂದ ಮೇಲೆ ನೀನು ಓಕೆ ಅನ್ನು. ಆದೇಶ ಬರದೆ ಮೋಡೆಮ್ ಬಾಯಿ ಬಿಡುವುದಿಲ್ಲ, ಮೋಡೆಮ್ ಬಾಯಿ ಬಿಡದೆ ಚಾಟ್ ಆದೇಶ ಕೊಡುವುದಿಲ್ಲ. ಎರಡೂ ಕಡೆ ಮೌನವ್ರತ.

ಸರಿಯಾದದ್ದು:

'' ಎಟಿಝಡ್
ಓಕೆ ಎಟಿಡಿ*99#
ಕನೆಕ್ಟ್ \ಸಿ

ಮೊದಲ ಸಾಲಿನ ಖಾಲಿ ಉದ್ಧರಣ ಚಿಹ್ನೆಯ ಅರ್ಥ 'ಏನನ್ನೂ ಕಾಯಬೇಡ, ನೀನೇ ಶುರು ಮಾಡು'. ಎಟಿಝಡ್‌ಗೆ ಬರುವ ಓಕೆ ಅದೇ ಸಾಲಿನಲ್ಲಿ ಇಲ್ಲ, ಕೆಳಗಿನ ಸಾಲಿನ ಎಡಕ್ಕಿದೆ. ಹಾಗಾಗಿ ಸಾಲು ಹಿಡಿದು ಓದಬಾರದು. ಬಲದಿಂದ ಕೆಳಗಿನ ಎಡಕ್ಕೆ ಓರೆಯಾಗಿ ಇಳಿಯಬೇಕು. ಬಲಗಡೆಯದನ್ನು ಬೆರಳಿನಿಂದ ಮುಚ್ಚಿಕೊಂಡು ಎಡಗಡೆಯನ್ನಷ್ಟೇ ಓದಿ ನೋಡಿ: ಅಲ್ಲಿ ಮೋಡೆಮ್ ಆಡುವ ಮಾತುಗಳೇ ಇರಬೇಕು. ಎಟಿಯಿಂದ ಶುರುವಾಗುವುದು ಒಂದಾದರೂ ಅಲ್ಲಿ ಕಂಡರೆ ಲೆಕ್ಕ ತಪ್ಪಿದೆ.

ಲೆಕ್ಕ ಎಂದೆ, ಏಕೆಂದರೆ ಚಾಟ್‌ಗೆ ಸಾಲುಗಳ ಪರಿವೆ ಇಲ್ಲ. ಇಡೀ ಕಡತ ಅದಕ್ಕೆ ಒಂದೇ ಪದಗಳ ಸರ. ಕಿವಿ, ಬಾಯಿ, ಕಿವಿ, ಬಾಯಿ ಎಂದು ಎಣಿಸುತ್ತಾ ಹೋಗುತ್ತದೆ. ನಡುವೆ ಒಂದು ಪದ ಬಿಟ್ಟರೆ ಅಲ್ಲಿಂದಾಚೆಗೆ ಎಲ್ಲವೂ ಅದಲುಬದಲು. ಎರಡನೆಯ ಸಂಜೆ ಹೋದದ್ದು ಹೀಗೆಯೇ: ಆ ಖಾಲಿ ಚಿಹ್ನೆಯನ್ನು ಅನಗತ್ಯ ಎಂದು ಅಳಿಸಿ, ಮತ್ತೆ ಅದೇ 45 ಸೆಕೆಂಡಿನ ಮೌನಕ್ಕೆ ಬಂದು ಕೂತಿದ್ದೆ.

ಕೊನೆಯ ಬ್ಯಾಕ್‌ಸ್ಲ್ಯಾಶ್ ಸಿ ಯಾಕೆ? ಕಳಿಸುವ ಪ್ರತಿ ಪದದ ಕೊನೆಗೆ ಚಾಟ್ ತಾನೇ ಎಂಟರ್ ಒತ್ತುತ್ತದೆ. ಸಿ ಅದನ್ನು ತಡೆಯುತ್ತದೆ. ಬಾಯಿಯ ಜಾಗದಲ್ಲಿ ಖಾಲಿ ಚಿಹ್ನೆ ಹಾಕಿದರೆ ಏನೂ ಹೋಗುವುದಿಲ್ಲ ಎಂದುಕೊಂಡಿದ್ದೆ, ಆದರೆ ಎಂಟರ್ ಹೋಗುತ್ತದೆ.

ಇನ್ನು ಅಬಾರ್ಟ್. ಇದು ಕಿವಿಯ ಜಾಗದಲ್ಲಿ ನಿಲ್ಲುವ ಪದ, ಮುಂದಿನ ಪದ ಅದರ ಜೋಡಿ: ಅಬಾರ್ಟ್ ಬಿಝಿ, ಅಬಾರ್ಟ್ 'ನೋ ಕ್ಯಾರಿಯರ್', ಅಬಾರ್ಟ್ ಎರರ್. ಆ ಮಾತು ಕೇಳಿದ ಕೂಡಲೇ ಚಾಟ್ ಕೆಲಸ ನಿಲ್ಲಿಸುತ್ತದೆ. ನಡುವೆ ಜಾಗವಿರುವ ಮಾತನ್ನು ಉದ್ಧರಣ ಚಿಹ್ನೆಯೊಳಗೆ ಇಡದಿದ್ದರೆ ಎರಡು ಪದವಾಗಿ, ಮತ್ತೆ ಎಣಿಕೆ ಕೆಡುತ್ತದೆ. ನನಗೆ ತುಂಬಾ ಇಷ್ಟವಾದ ಉಪಾಯ ಇಲ್ಲೇ ಇದೆ. ಚಾಟ್ ಮುಗಿಯುವಾಗ ಒಂದು ಸಂಖ್ಯೆ ಬಿಟ್ಟುಹೋಗುತ್ತದೆ: 0 ಎಂದರೆ ಯಶಸ್ಸು, 3 ಎಂದರೆ ಕಾದು ಸುಸ್ತಾದದ್ದು, 4 ಎಂದರೆ ಮೊದಲ ಅಬಾರ್ಟ್ ಮಾತು ಕೇಳಿಸಿದ್ದು, 5 ಎಂದರೆ ಎರಡನೆಯದು. ಅಬಾರ್ಟ್‌ಗಳನ್ನು ಯಾವಾಗಲೂ ಒಂದೇ ಕ್ರಮದಲ್ಲಿ ಬರೆದರೆ ಲಾಗ್ ತೆರೆಯದೆಯೇ ಕಾರಣ ತಿಳಿಯುತ್ತದೆ. ನನ್ನಲ್ಲಿ 4 ಬಿಝಿ, 5 ನೋ ಕ್ಯಾರಿಯರ್. ಸಂಖ್ಯೆ 3 ಬಂದಾಗ ಮೋಡೆಮ್‌ಗಿಂತ ಮೊದಲು ನನ್ನ ಎಣಿಕೆಯನ್ನೇ ಅನುಮಾನಿಸುತ್ತೇನೆ.

ಎಪಿಎನ್ (ಸಿಮ್ ಕಂಪನಿಯ ಜಾಲಕ್ಕೆ ಒಳಹೋಗುವ ಬಾಗಿಲಿನ ಹೆಸರು) ಸೇರಿಸುವ ಸಾಲು ಕರೆಗಿಂತ ಮುಂಚೆ ಬರಬೇಕು: ಓಕೆ 'ಎಟಿ+ಸಿಜಿಡಿಕಾಂಟ್=1,"ಐಪಿ","ಬಿಎಸ್‌ಎನ್‌ಎಲ್‌ನೆಟ್"'. ಒಳಗೆ ಜೋಡಿ ಚಿಹ್ನೆ ಇರುವುದರಿಂದ ಹೊರಗೆ ಒಂಟಿ ಚಿಹ್ನೆ. ಕೊನೆಯ ಹೆಸರು ನಿಮ್ಮ ಸಿಮ್ ಕಂಪನಿಯದು.

ಸ್ಥಿರ ದೂರವಾಣಿಯ ಮೋಡೆಮ್ ಇರುವವರಿಗೆ ಎರಡು ಮಾತು. ಅಲ್ಲಿ ಎಟಿಡಿಟಿ ಎಂದರೆ ಟೋನ್, ಎಟಿಡಿಪಿ ಎಂದರೆ ಹಳೆಯ ಪಲ್ಸ್ ಎಕ್ಸ್‌ಚೇಂಜಿಗೆ. ಕಚೇರಿಯ ಒಳಸಾಲಿನಿಂದಾದರೆ ಹೊರಸಾಲು ಹಿಡಿಯುವ ಸೊನ್ನೆಯ ನಂತರ ಅಲ್ಪವಿರಾಮ ಹಾಕಿ; ಮಾಮೂಲಾಗಿ 2 ಸೆಕೆಂಡು ತಡೆಯುತ್ತದೆ. ಡಯಲ್ ಟೋನ್ ಗುರುತು ಹಿಡಿಯದ ಮೋಡೆಮ್‌ಗೆ ಎಟಿಎಕ್ಸ್3. ಹಳೆಯ ಸ್ಕ್ರಿಪ್ಟ್‌ಗಳಲ್ಲಿ ಲಾಗಿನ್ ಪದದ ಮೊದಲಕ್ಷರ ನಾಪತ್ತೆಯಾಗಿರುವುದು ಮುದ್ರಣದೋಷವಲ್ಲ: ಅದು ದಾರಿಯಲ್ಲಿ ಕೆಟ್ಟುಬಂದರೂ, ದೊಡ್ಡಕ್ಷರವಾದರೂ ಸಣ್ಣಕ್ಷರವಾದರೂ ತಕರಾರೇ ಬೇಡವೆಂದು ಬಿಟ್ಟದ್ದು.

ಕರೆ ಕಡಿಯುವ ಮೊದಲು, ಮೋಡೆಮ್ ಮತ್ತೆ ಆದೇಶ ಕೇಳಲೆಂದು +++ ಕಳಿಸುವಾಗ ಮುಂದೆ ಹಿಂದೆ ಒಂದೊಂದು ಸೆಕೆಂಡು ನಿಶ್ಶಬ್ದ ಬೇಕು, ಅದಕ್ಕೆ ಎರಡೂ ಬದಿ ಬ್ಯಾಕ್‌ಸ್ಲ್ಯಾಶ್ ಡಿ. ಕೊನೆಗೆ ಬ್ಯಾಕ್‌ಸ್ಲ್ಯಾಶ್ ಸಿ ಮರೆಯಬೇಡಿ. ಆಮೇಲೆ ಓಕೆ ಎಟಿಎಚ್ (ಕರೆ ಕಡಿಯುವ ಆದೇಶ), ಕಿವಿಯ ಜಾಗದಲ್ಲಿ ಇನ್ನೊಂದು ಓಕೆ.